ಸತ್ಯಾಂಶ: ಶೂಬರ್ಟ್ 'ಆವೇ ಮರಿಯಾ' ಚರ್ಚಿಗೆ ಬರೆದ ಲ್ಯಾಟಿನ್ ಪ್ರಾರ್ಥನೆಯಾ?

'ಶೂಬರ್ಟ್ ಚರ್ಚಿಗಾಗಿಯೇ ಲ್ಯಾಟಿನ್ ಪ್ರಾರ್ಥನೆಗೆ ರಾಗ ಹಾಕಿದ ಹಾಡು ಇದು' ಅಂತ ಒಂದು ವಿಡಿಯೋ ಓಡಾಡುತ್ತಿದೆ. ಹಾಡು ಚೆನ್ನಾಗಿದೆ, ಮಾತು ಮಾತ್ರ ತಪ್ಪು.

1825ರಲ್ಲಿ ಆಸ್ಟ್ರಿಯಾದ ಸಂಗೀತಕಾರ ಶೂಬರ್ಟ್ ಇದನ್ನು ಬರೆದದ್ದು ಜರ್ಮನ್ ಮಾತುಗಳಿಗೆ. ಅವು ವಾಲ್ಟರ್ ಸ್ಕಾಟ್‌ನ 1810ರ ಕಥನಕವನ 'ದ ಲೇಡಿ ಆಫ್ ದ ಲೇಕ್'ನ ಅನುವಾದ. ಅದರಲ್ಲಿ ಎಲೆನ್ ಅನ್ನೋ ಹುಡುಗಿ ಅಪ್ಪನ ಜೊತೆ ಗುಹೆಯಲ್ಲಿ ಅಡಗಿಕೊಂಡು ಮೇರಿ ಮಾತೆಯನ್ನು ಕರೆಯುತ್ತಾಳೆ. ಅದಕ್ಕೇ ಹಾಡಿನ ನಿಜವಾದ ಹೆಸರು 'ಎಲೆನ್‌ಳ ಮೂರನೇ ಹಾಡು'. ಲ್ಯಾಟಿನ್ ಇರೋದು 'ಆವೇ ಮರಿಯಾ' (ಮೇರಿಗೆ ನಮಸ್ಕಾರ) ಅನ್ನೋ ಮೊದಲ ಎರಡು ಪದ ಮಾತ್ರ. ಪಿಯಾನೋ ಒಂದೇ ಸಮನೆ ತುಳುಕುತ್ತಲೇ ಇರುತ್ತಲ್ವಾ, ಅದು ಕತೆಯಲ್ಲಿ ಬರುವ ಹಾರ್ಪ್ ವಾದ್ಯದ ನೆನಪು. ಪೂರ್ತಿ ಲ್ಯಾಟಿನ್ ಪ್ರಾರ್ಥನೆಯನ್ನು ಈ ರಾಗಕ್ಕೆ ಕೂರಿಸಿದ್ದು ಆಮೇಲೆ, ಈಗ ಅದೇ ಜಾಸ್ತಿ ಕೇಳಿಬರುತ್ತದೆ, ಹಾಗಾಗಿ ಗೊಂದಲ ಆಗೋದು ಸಹಜವೇ.

ಹಾಗಂತ ಶೂಬರ್ಟ್ ಚರ್ಚಿಗೆ ಏನೂ ಬರೆದಿಲ್ಲ ಅಂತಲ್ಲ. ಲ್ಯಾಟಿನ್ ಮಾಸ್‌ಗಳಿವೆ, ಅಂದರೆ ಚರ್ಚಿನ ಪೂಜೆಯ ಸಂಗೀತ; ಮೇರಿ ಮಾತೆಯ ಇನ್ನೊಂದು ಲ್ಯಾಟಿನ್ ಪ್ರಾರ್ಥನೆಯಾದ 'ಸಾಲ್ವೆ ರೆಜಿನಾ'ಗಳಿವೆ.

'ಆವೇ ಮರಿಯಾ' ಲ್ಯಾಟಿನ್ ಪ್ರಾರ್ಥನೆಯದ್ದೇ ಮೋಟೆಟ್, ಅಂದರೆ ಚರ್ಚಿನ ಗುಂಪುಗಾಯನ, ಬೇಕಿದ್ದರೆ ಆಸ್ಟ್ರಿಯಾದ ಇನ್ನೊಬ್ಬ ಸಂಗೀತಕಾರ ಬ್ರೂಕ್ನರ್ 1861ರಲ್ಲಿ ಬರೆದದ್ದನ್ನು ಕೇಳಿ. ವಾದ್ಯ ಇಲ್ಲ, ಬರೀ ಏಳು ಧ್ವನಿ. ಮೊದಲು ಮೇಲಿನ ಧ್ವನಿಗಳು, ಆಮೇಲೆ ಗಂಡಸರು. 'ಯೇಸು' ಅನ್ನೋ ಹೆಸರು ಬಂದಾಗ ಎಲ್ಲರೂ ಸೇರಿ ಮೂರು ಸಲ ಹೇಳುತ್ತಾರೆ, ಮೆಲ್ಲಗೆ ಶುರುವಾಗಿ, ಜೋರಾಗುತ್ತಾ. ನನಗಂತೂ ಅಲ್ಲಿ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.