ಹೊಟ್ಟೆಗೆ ಪಂದಿಕರಿಯೂ ಒಂದೇ, ಪೆಪ್ಟೈಡೂ ಒಂದೇ

ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ಉಣ್ಣುತ್ತಿದ್ದಾಗ ಮನೆಯವರ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪನ ಫಾರ್ವರ್ಡ್ ಬಂತು: 'ಪಶ್ಚಿಮ ಘಟ್ಟದ ಕಪ್ಪೆಯಲ್ಲಿ ಫ್ಲೂ ಜ್ವರಕ್ಕೆ ಮದ್ದು!' ಕೆಳಗೊಂದು ಪ್ರಶ್ನೆ: ನಮ್ಮ ಗದ್ದೆಯ ಕಪ್ಪೆಗೂ ಕಾಳುಮೆಣಸಿನ ರೇಟು ಬರುತ್ತದಾ?

ಸುದ್ದಿ ಸುಳ್ಳಲ್ಲ, ಹಳತು. 2017ರದ್ದು. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಮತ್ತು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಕೇರಳದ ಕಪ್ಪೆಯೊಂದರ ಚರ್ಮದ ಲೋಳೆಯಲ್ಲಿ 27 ಅಮೈನೋ ಆಮ್ಲಗಳ ಪೆಪ್ಟೈಡ್, ಅಂದರೆ ಪ್ರೋಟೀನಿನ ಸಣ್ಣ ತುಂಡು, ಕಂಡುಹಿಡಿದರು. ಕೇರಳದ ಯುದ್ಧಕಲೆ ಕಳರಿಯ ಬಳುಕುವ ಕತ್ತಿ ಉರುಮಿಯ ನೆನಪಿಗೆ 'ಉರುಮಿನ್' ಎಂದು ಹೆಸರಿಟ್ಟರು. (ಕಪ್ಪೆ ಕೊಡಗಿನಲ್ಲಿ ಸಿಕ್ಕಿದ್ದರೆ ನಮ್ಮ ಸೊಂಟದ ಪೀಚೆಕತ್ತಿಯ ಹೆಸರಲ್ಲಿ 'ಪೀಚೆಕತ್ತಿನ್' ಆಗುತ್ತಿತ್ತೋ ಏನೋ!) ಎಚ್1 ಜಾತಿಯ ಫ್ಲೂ ವೈರಸ್ಸನ್ನು ಅದು ಕೊಂದಿತು, ಮೂಗಿಗೆ ಹಾಕಿದಾಗ ಸೋಂಕು ತಗುಲಿದ ಇಲಿಗಳಲ್ಲಿ ಹೆಚ್ಚಿನವು ಬದುಕಿದವು. ಇನ್ನೊಂದು ಜಾತಿಯ ಫ್ಲೂ ಎಚ್3ಎನ್2 ಮುಂದೆ ಅದರ ಆಟ ನಡೆಯಲಿಲ್ಲ. ಮೆಡಿಕಲ್ ಶಾಪಿಗೆ ಇನ್ನೂ ಬಂದಿಲ್ಲ.

ನನ್ನ ತಕರಾರು ಇರುವುದೇ ಇಲ್ಲಿ. ಹುಡುಕಿದವರಿಗೆ ಚಪ್ಪಾಳೆ ಬೀಳುತ್ತದೆ, ಮದ್ದನ್ನು ಮೈಯೊಳಗೆ ಬೇಕಾದಲ್ಲಿಗೆ ಮುಟ್ಟಿಸುವ ಕೆಲಸವನ್ನು ಯಾರೂ ಕೇಳುವುದಿಲ್ಲ. ಮದ್ದುಸೊಪ್ಪಿನ ಬಣ್ಣ ಹೊಟ್ಟೆ ದಾಟಿ ಮೂತ್ರವನ್ನೂ ಕೆಂಪು ಮಾಡುತ್ತದೆ, ಚಿಕ್ಕಮಕ್ಕಳಿಗೂ ಗೊತ್ತು. ಪೆಪ್ಟೈಡಿಗೆ ಆ ಭಾಗ್ಯವಿಲ್ಲ. ಪ್ರೋಟೀನಾದ್ದರಿಂದ ಹೊಟ್ಟೆ ಅದನ್ನು ಪಂದಿಕರಿಯಂತೆಯೇ (ಹಂದಿ ಮಾಂಸದ ಸಾರು) ಜೀರ್ಣಿಸಿಬಿಡುತ್ತದೆ. ಇನ್ಸುಲಿನ್ ಕೂಡ 51 ಅಮೈನೋ ಆಮ್ಲಗಳ ಪೆಪ್ಟೈಡೇ. 1922ರಲ್ಲಿ ಟೊರಾಂಟೋದಲ್ಲಿ ಮೊದಲ ರೋಗಿಗೆ ಚುಚ್ಚಿದರು, ಅಮ್ಮ ಇವತ್ತಿಗೂ ಚುಚ್ಚಿಕೊಳ್ಳುತ್ತಿದ್ದಾರೆ. ಎಚ್ಐವಿಗೆ 2003ರಲ್ಲಿ ಒಪ್ಪಿಗೆ ಪಡೆದ ಎನ್‌ಫುವಿರ್ಟೈಡನ್ನು ದಿನಕ್ಕೆರಡು ಸಲ ಚುಚ್ಚಬೇಕು, ಚುಚ್ಚಿದಲ್ಲೆಲ್ಲ ಗಂಟು. ನುಂಗುವ ಹೊಸ ಮಾತ್ರೆಗಳು ಬಂದಮೇಲೆ ಅದು ಮೂಲೆ ಸೇರಿತು.

ನರಗಳ ವಿಷಯಕ್ಕೆ ಬಂದರೆ ಇನ್ನೊಂದು ಬೇಲಿ. ರಕ್ತದಲ್ಲಿರುವುದನ್ನೆಲ್ಲ ಮಿದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಡಲಿನ ಕೋನ್ ಶಂಖದ ವಿಷದಿಂದ ಬಂದ ಝಿಕೊನೊಟೈಡ್ ಅಸಾಧ್ಯ ನೋವಿಗೆ ಒಳ್ಳೆಯ ಮದ್ದು. ಆದರೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಪಂಪಿನಿಂದ ಬಿಡಬೇಕು. ತೋಟದ ಸ್ಪ್ರೇ ಪಂಪೇ ರಿಪೇರಿಗೆ ಕುಶಾಲನಗರಕ್ಕೆ ಹೋಗುವ ಊರು ನಮ್ಮದು!

ಸಕ್ಕರೆ ಕಾಯಿಲೆಯ ಪೆಪ್ಟೈಡ್ ಸೆಮಾಗ್ಲುಟೈಡನ್ನು ಮಾತ್ರೆ ಮಾಡಿದರು, ನಿಜ. ಅದರಲ್ಲೂ ನೂರರಲ್ಲಿ ಒಂದು ಪಾಲು ರಕ್ತ ಸೇರಿದರೆ ಹೆಚ್ಚು. ಮರೆವಿನ ಕಾಯಿಲೆ ಆಲ್ಝೈಮರ್ಸ್‌ಗೂ ಅದನ್ನೇ ಪರೀಕ್ಷಿಸುತ್ತಿದ್ದಾರೆಂದು ಗೊತ್ತಾದಾಗ ನಾನೂ ಆಸೆಪಟ್ಟೆ. ನಮ್ಮ ದೊಡ್ಡಪ್ಪ ಈಗ ತಮ್ಮ ತೋಟದ ಗೇಟಿನಲ್ಲೇ ನಿಂತು ಮನೆ ಎಲ್ಲಿ ಎಂದು ಕೇಳುತ್ತಾರೆ. 2025ರ ನವೆಂಬರಿನಲ್ಲಿ ಫಲಿತಾಂಶ ಬಂತು: ಮರೆವು ನಿಧಾನವಾಗಲಿಲ್ಲ. ಅವತ್ತು ಅದನ್ನು ದೊಡ್ಡಮ್ಮನಿಗೆ ಹೇಳಲಿಲ್ಲ.

ಇನ್ಸುಲಿನ್ ತಣ್ಣಗಿರಬೇಕು, ಹಾಗಾಗಿ ಕರೆಂಟ್ ವಿಷಯ ಬೇರೆ ಇದೆ. ಕಕ್ಕಡದ ಮಳೆಯಲ್ಲಿ ನಾಲ್ಕು ದಿನ ಹೋದರೂ ಚಿಂತೆಯಿಲ್ಲ, ಆಗ ಇಡೀ ಮಡಿಕೇರಿಯೇ ಫ್ರಿಜ್ಜು. ಏಪ್ರಿಲ್‌ನಲ್ಲಿ ಹೋದರೆ ಅಮ್ಮನ ಇನ್ಸುಲಿನ್ ಮಣ್ಣಿನ ಮಡಕೆಗೆ.

ಹಾಗಾಗಿ ಹೊಸ ಪೆಪ್ಟೈಡ್ ಅಂತ ಯಾರಾದರೂ ಕುಣಿದರೆ ನಾನು ಕೇಳುವುದು ಎರಡೇ: ಎಲ್ಲಿಗೆ ಚುಚ್ಚಬೇಕು, ಎಷ್ಟು ತಣ್ಣಗಿಡಬೇಕು? ಚಿಕ್ಕಪ್ಪನಿಗೂ ಅದನ್ನೇ ಕೇಳಿದೆ. ಹೆಬ್ಬೆರಳು ಒತ್ತಿದ್ದಾರೆ.