ಬಾವಿಯ ಬಳಿ ಉಳಿದ ಕೊಡ

ಇಂದು ಆರಾಧನೆ ಮುಗಿದ ಮೇಲೆ ಕಿವಿಗೆ ಬಿದ್ದ ಒಂದು ಮಾತು ಮನೆಗೆ ಬಂದರೂ ನನ್ನನ್ನು ಬಿಡುತ್ತಿಲ್ಲ. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದು ಇನ್ನೂ ವರ್ಷ ತುಂಬದ ಸಹೋದರಿಯೊಬ್ಬಳು, ತಾನು ಯೇಸುವನ್ನು ನಂಬಿದ ಬಗೆಯನ್ನು ಗೆಳತಿಗೆ ಹೇಳಿದೆನೆಂದು ಸಂತೋಷದಿಂದ ತಿಳಿಸಿದಳು. ಅದಕ್ಕೆ ಹಿರಿಯರೊಬ್ಬರು, "ನಿನಗೆ ಬೈಬಲ್ ವಾಕ್ಯ ಇನ್ನೂ ಸರಿಯಾಗಿ ಗೊತ್ತಿಲ್ಲಮ್ಮ, ಅದನ್ನೆಲ್ಲ ಪಾಸ್ಟರಿಗೆ ಬಿಡು" ಎಂದುಬಿಟ್ಟರು. ಆಕೆಯ ಮುಖ ಬಾಡಿದ್ದನ್ನು ಕಂಡು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಎಷ್ಟು ವಾಕ್ಯ ಗೊತ್ತಿದ್ದರೆ ವಿಶ್ವಾಸಿಯೊಬ್ಬಳು ಬಾಯಿ ತೆರೆಯಬಹುದು? ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಬರುವ ಸಮಾರ್ಯದ ಸ್ತ್ರೀ ಬಾವಿಯ ಬಳಿ ಯೇಸುವಿನೊಡನೆ ಮಾತನಾಡಿದ್ದು ಒಂದೇ ಮಧ್ಯಾಹ್ನ. ಆಕೆ ನೀರಿನ ಕೊಡವನ್ನು ಅಲ್ಲಿಯೇ ಬಿಟ್ಟು ಊರೊಳಗೆ ಹೋಗಿ, ನಾನು ಮಾಡಿದ್ದನ್ನೆಲ್ಲ ನನಗೆ ಹೇಳಿದವನನ್ನು ಬಂದು ನೋಡಿರಿ, ಆತನೇ ಕ್ರಿಸ್ತನಿರಬಹುದೇ ಎಂದು ಕೇಳಿದಳು. ಆಕೆಗೇ ಪೂರ್ಣ ಖಚಿತವಿರಲಿಲ್ಲ. ಆದರೂ ಊರಿನ ಅನೇಕರು ಆಕೆಯ ಸಾಕ್ಷಿಯಿಂದಲೇ ನಂಬಿದರು. ಅದೇ ಸುವಾರ್ತೆಯ 9ನೇ ಅಧ್ಯಾಯದ ಹುಟ್ಟುಕುರುಡನು, ಯೇಸು ಪಾಪಿಯೆಂದ ಫರಿಸಾಯರಿಗೆ (ಯೆಹೂದಿ ಧರ್ಮನಿಷ್ಠರ ಪಂಗಡದವರಿಗೆ) ಅದು ತನಗೆ ಗೊತ್ತಿಲ್ಲವೆಂದು ಉತ್ತರಿಸಿ, ಕುರುಡನಾಗಿದ್ದ ತನಗೆ ಈಗ ಕಣ್ಣು ಕಾಣುತ್ತದೆ ಎಂಬ ಒಂದೇ ಮಾತನ್ನು ಬಿಡದೆ ಹಿಡಿದನು. ಇವರನ್ನು ಯಾರು ತಡೆಯಬೇಕಿತ್ತು?

ಅರೆಬರೆ ತಿಳಿದವರು ತಪ್ಪು ಬೋಧಿಸಿದರೆ ಏನು ಗತಿ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಆದರೆ ಬೈಬಲಿನ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿ ಅದಕ್ಕೆ ಉತ್ತರವಿದೆ. ಬೋಧಕನಾದ ಅಪೊಲ್ಲೋಸನಿಗೆ ಸ್ನಾನಿಕನಾದ ಯೋಹಾನನ ದೀಕ್ಷಾಸ್ನಾನ ಮಾತ್ರ ತಿಳಿದಿತ್ತು, ಆದರೂ ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಮಾತನಾಡಿದನು. ಅದನ್ನು ಕೇಳಿದ ವಿಶ್ವಾಸಿ ದಂಪತಿಗಳಾದ ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದರು. ಮುಂದೆ ಗ್ರೀಸಿನ ಅಖಾಯ ಪ್ರಾಂತ್ಯದ ವಿಶ್ವಾಸಿಗಳಿಗೆ ಅವನಿಂದ ಬಹಳ ಸಹಾಯವಾಯಿತು. ಆ ದಂಪತಿಗಳು ಅವನನ್ನು ಸುಮ್ಮನಿರಿಸಿದ್ದರೆ?

ನಾನು ಇಷ್ಟು ಕೆರಳುವುದಕ್ಕೆ ಕಾರಣವೂ ಇದೆ. ನಾಲ್ಕು ವರ್ಷಗಳ ಹಿಂದೆ ನಮ್ಮ ಮನೆ ಎಂಥ ಕಷ್ಟದಲ್ಲಿತ್ತೆಂದು ನಮ್ಮ ಸಭೆಯವರಾದ ನೀವೆಲ್ಲ ಬಲ್ಲಿರಿ. ಆಗ ಸಹೋದ್ಯೋಗಿಯೊಬ್ಬರು, "ಇಷ್ಟೆಲ್ಲದರ ನಡುವೆ ನೀವು ಹೇಗೆ ಸಮಾಧಾನವಾಗಿದ್ದೀರಿ?" ಎಂದು ಕೇಳಿದರು. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ ಹೇಳಿರಿ ಎಂದು ಯೇಸುವಿನ ಶಿಷ್ಯನಾದ ಪೇತ್ರನು ಬರೆದದ್ದು ಇಂಥ ಗಳಿಗೆಗಾಗಿಯೇ. ಅಷ್ಟೊಂದು ವರ್ಷ ವಾಕ್ಯ ಕಲಿತಿದ್ದ ನಾನು, "ನನ್ನ ಸ್ವಭಾವವೇ ಹಾಗೆ" ಎಂದು ಹೇಳಿ ಮುಗಿಸಿದೆ. ಅವರ ಪ್ರಶ್ನೆಗೆ ಬಲವಂತವಿಲ್ಲದೆ, ವಾದವಿಲ್ಲದೆ ನಿಜವಾದ ಉತ್ತರ ಕೊಡಲು ಎರಡು ಮಾತುಗಳು ಸಾಕಾಗಿದ್ದವು. ಭಯ ನನ್ನ ಬಾಯಿ ಕಟ್ಟಿತು. ಕೊರಿಂಥಕ್ಕೆ ಬಂದಾಗ ತಾನು ಬಲಹೀನನಾಗಿಯೂ ಬಹಳ ನಡುಗುವವನಾಗಿಯೂ ಇದ್ದೆನೆಂದು ಅಪೊಸ್ತಲನಾದ ಪೌಲನೇ ಒಪ್ಪಿಕೊಂಡಿದ್ದಾನೆ. ಆದರೂ ಅವನು ಆ ಪಟ್ಟಣದಲ್ಲಿ ಒಂದೂವರೆ ವರ್ಷ ಉಳಿದು ಬೋಧಿಸಿದನು. ತಾನು ನೆಟ್ಟೆನು, ಅಪೊಲ್ಲೋಸನು ನೀರು ಹೊಯ್ದನು, ಬೆಳೆಸಿದವನು ದೇವರು ಎಂದು ಮುಂದೆ ಬರೆದದ್ದೂ ಅಲ್ಲಿಯವರಿಗೇ.

ತಂಗಿ, ನೀನು ಇದನ್ನು ಓದುತ್ತೀಯೆಂದು ನನಗೆ ಗೊತ್ತು. ನಿನ್ನ ಗೆಳತಿ ಮತ್ತೆ ಏನಾದರೂ ಕೇಳಿದರೆ, ತಿಳಿದಷ್ಟನ್ನು ಹೇಳು. ತಿಳಿಯದ್ದನ್ನು ಮುಂದಿನ ವಾರ ನಾವಿಬ್ಬರೂ ಕೂತು ಓದೋಣ. ನಾನಂತೂ ನಾಳೆ ಆ ಸಹೋದ್ಯೋಗಿಗೆ ಫೋನ್ ಮಾಡಿ, ಅಂದು ನಾನು ಕೊಟ್ಟ ಉತ್ತರ ನಿಜವಾಗಿರಲಿಲ್ಲ ಎಂದು ಹೇಳುತ್ತೇನೆ.