ಗೋಗ್ಯಾನ್ ಚಿತ್ರದ ಹೆಂಗಸರು ಸುಮ್ನೆ ಕೂತಿಲ್ಲ

ನಾನಿರುವ ಪ್ಯಾರಿಸ್‌ನ ಒರ್ಸೆ ಮ್ಯೂಸಿಯಂನಲ್ಲಿ ಫ್ರೆಂಚ್ ಚಿತ್ರಕಾರ ಪಾಲ್ ಗೋಗ್ಯಾನ್ 1891ರಲ್ಲಿ ಬರೆದ ಚಿತ್ರವೊಂದಿದೆ, ಪೆಸಿಫಿಕ್ ಸಾಗರದ ತಹೀತಿ ದ್ವೀಪದ ಇಬ್ಬರು ಹೆಂಗಸರು ಕಡಲ ದಂಡೆಯಲ್ಲಿ ಕೂತಿರುವುದು. ಎಡಗಡೆಯಾಕೆ ಬಿಳಿ ಹೂವಿನ ಕೆಂಪು ಬಟ್ಟೆ ಉಟ್ಟು, ಒಂದು ಕೈ ಮರಳಿಗೆ ಊರಿ ತಲೆ ತಗ್ಗಿಸಿದ್ದಾಳೆ. ಬಲಗಡೆಯಾಕೆ ಮೈತುಂಬ ಗುಲಾಬಿ ನಿಲುವಂಗಿ ಹಾಕಿಕೊಂಡು, ಚಕ್ಕಳಮಕ್ಕಳ ಕೂತು ಗರಿಯ ಎಳೆ ಹೆಣೆಯುತ್ತಿದ್ದಾಳೆ.

ಇಲ್ಲಿನ ಗೆಳೆಯರಿಗೆ ಇದರಲ್ಲಿ ಕಾಣುವುದು ಬೇಸರ, ಮೌನ, ಬಿಸಿಲೂರಿನ ಸೋಮಾರಿ ಮಧ್ಯಾಹ್ನ. ನನಗೆ ಹಾಗೆ ಅನಿಸುವುದೇ ಇಲ್ಲ. ಕುಂದಾಪುರದ ಕಡೆ ಮಳೆಗಾಲಕ್ಕೆ ಮುಂಚೆ ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತಿದ್ದ ಹೆಂಗಸರ ಮುಖವೂ ಹೀಗೇ ಇರುತ್ತಿತ್ತು, ಕಣ್ಣು ಎಳೆಯ ಮೇಲೆ, ಬಾಯಿ ಮುಚ್ಚಿ, ಬೆನ್ನು ಬಗ್ಗಿಸಿ. ಅದು ಬೇಸರ ಅಲ್ಲ, ಕೆಲಸ. ಹೆಣೆಯುವಾಗ ಯಾರು ನಗುತ್ತಾ ಕೂರುತ್ತಾರೆ ಹೇಳಿ?

ಆ ಗುಲಾಬಿ ನಿಲುವಂಗಿಯನ್ನೂ ನೋಡಬೇಕು. 1797ರಲ್ಲಿ ಲಂಡನ್ ಮಿಷನರಿಗಳು ತಹೀತಿಗೆ ಬಂದರು, ಇಂಥ ಉಡುಪು ಬಂದದ್ದು ಅವರಿಂದ. 1880ರಲ್ಲಿ ದ್ವೀಪ ಫ್ರಾನ್ಸಿನ ವಸಾಹತಾಯಿತು. ಯೂರೋಪ್ ಮುಟ್ಟದ ಜಾಗ ಸಿಗುತ್ತದೆ ಅಂತ ಹೋದ ಗೋಗ್ಯಾನ್‌ಗೆ ಪಪೀಟೆ ಪಟ್ಟಣದಲ್ಲಿ ಸಿಕ್ಕಿದ್ದು ಅಧಿಕಾರಿಗಳು, ಚರ್ಚುಗಳು. ಈ ಚಿತ್ರದಲ್ಲಿ ಆತ ಅದನ್ನು ಮುಚ್ಚಿಡಲಿಲ್ಲ. ಆದರೆ ಮರುವರ್ಷ ಇದೇ ಇಬ್ಬರನ್ನು ಮತ್ತೆ ಬರೆದಾಗ ನಿಲುವಂಗಿ ಮಾಯ, ಅದರ ಜಾಗದಲ್ಲಿ ಹೂವಿನ ಬಟ್ಟೆ! ಆ ಎರಡನೆಯದು ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ನನ್ನ ಪ್ರಕಾರ ಮೊದಲನೆಯದೇ ಪ್ರಾಮಾಣಿಕ ಚಿತ್ರ. ತಹೀತಿಯಲ್ಲಿ ಹದಿಮೂರರ ಆಸುಪಾಸಿನ ಹುಡುಗಿಯನ್ನು ಆತ ಹೆಂಡತಿಯಾಗಿ ಇಟ್ಟುಕೊಂಡಿದ್ದ ಎಂಬುದನ್ನೂ ಯೂರೋಪಿನಲ್ಲಿ ಈಗ ಬಿಚ್ಚಿ ಮಾತಾಡುತ್ತಾರೆ. ಮಾತಾಡಲೇಬೇಕು.

ಇಲ್ಲಿನವರ ಒಂದು ರೂಢಿ ನನಗೆ ತುಂಬಾ ಇಷ್ಟ. ತಿಂಗಳ ಮೊದಲ ಭಾನುವಾರ ಒರ್ಸೆಗೆ ಪ್ರವೇಶ ಉಚಿತ. ಬೇರೆ ದಿನಗಳಲ್ಲಿ ಟೀಚರ್ ಪುಟ್ಟ ಮಕ್ಕಳನ್ನು ಚಿತ್ರದ ಮುಂದೆ ನೆಲದ ಮೇಲೆ ಕೂರಿಸಿ, ಏನು ಕಾಣುತ್ತಿದೆ ಅಂತ ಕೇಳುತ್ತಾರೆ, ಉತ್ತರ ಬರುವ ತನಕ ಕಾಯುತ್ತಾರೆ. ನಮ್ಮಲ್ಲಿ ಶಾಲೆ ಪ್ರವಾಸ ಅಂದರೆ ಅರಮನೆ, ಮೃಗಾಲಯ, ಅಷ್ಟೇ ಅಲ್ವಾ? ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಇದೇ ಪ್ಯಾರಿಸ್‌ಗೆ ಬಂದು ಕಲಿತವರು. ಗೋಗ್ಯಾನ್‌ನ ಬಣ್ಣಗಳ ಪ್ರಭಾವ ಅವರ ಮೇಲೂ ಇತ್ತು, ಬರೆದದ್ದು ಮಾತ್ರ ನಮ್ಮ ಜನರನ್ನು, ನಮ್ಮ ದುಡಿಮೆಯನ್ನು. ಕರಾವಳಿಯ ಎಷ್ಟು ಮಕ್ಕಳು ಹೆಬ್ಬಾರರ ಒಂದು ಚಿತ್ರದ ಮುಂದೆ ಅರ್ಧ ಗಂಟೆ ಕೂತಿದ್ದಾರೆ?

ಊರಿನ ಮೇಷ್ಟ್ರುಗಳಿಗೆ ನನ್ನದೊಂದೇ ಕೋರಿಕೆ. ಮಕ್ಕಳನ್ನು ಚಿತ್ರ ನೋಡಲು ಕರೆದುಕೊಂಡು ಹೋಗಿ. ಜೊತೆಗೆ ಮಡಲು ಹೆಣೆಯಲು ಬಲ್ಲ ಒಬ್ಬ ಅಜ್ಜಿಯನ್ನೂ ಕರೆಯಿರಿ, ಏನು ಕಾಣುತ್ತಿದೆ ಅಂತ ಮೊದಲು ಅವರನ್ನು ಕೇಳಿ.